ಮೊದಲ ಮಹಾಯುದ್ಧ, 1914–1919: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಪಾಠದಲ್ಲಿ ಈ ಯುದ್ಧ ಒಂದು ಕೊಲೆಯಿಂದ ಶುರುವಾಗಿ ಒಂದು ಒಪ್ಪಂದದಲ್ಲಿ ಮುಗಿಯುತ್ತದೆ. ನಡುವಿನ ನಾಲ್ಕು ವರ್ಷಗಳಿಗೆ ಸಿಗುವುದು ಒಂದೆರಡು ಪುಟ. ಓದುಗರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚಾಗಿ ಆ ನಡುವಿನವೇ. ಕೆಳಗಿನ ಉತ್ತರಗಳಲ್ಲಿ ಸೇನಾಪತಿಗಳಿಗಿಂತ ರೈಲು, ಫಿರಂಗಿ ಗುಂಡು, ಕುದುರೆಯ ಮೇವು, ಗೋಧಿ ಹೆಚ್ಚು ಸಲ ಬರುತ್ತವೆ. ಅದು ಬೇಕೆಂದೇ ಮಾಡಿದ್ದು. ಈ ಯುದ್ಧದಲ್ಲಿ ಯಾರು ಗೆದ್ದರು, ಯಾಕೆ ಗೆದ್ದರು ಎಂಬುದನ್ನು ಸರಬರಾಜಿನ ಲೆಕ್ಕ ಬಿಟ್ಟು ವಿವರಿಸಲು ಆಗುವುದಿಲ್ಲ.

ಒಬ್ಬ ಯುವರಾಜನ ಕೊಲೆಗೆ ಇಡೀ ಯುರೋಪ್ ಯಾಕೆ ಹೊತ್ತಿಕೊಂಡಿತು?

ಕೊಲೆ ನಡೆದದ್ದು 1914ರ ಜೂನ್ 28ರಂದು, ಬೋಸ್ನಿಯಾದ ಸರಾಯೆವೊದಲ್ಲಿ. ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾಂಟ್ಸ್ ಫರ್ಡಿನಾಂಡ್ ಮತ್ತು ಹೆಂಡತಿ ಸೋಫಿಯನ್ನು ಗುಂಡಿಟ್ಟು ಕೊಂದವನು 19 ವರ್ಷದ ಗಾವ್ರಿಲೊ ಪ್ರಿನ್ಸಿಪ್. ಅದೇ ಬೆಳಿಗ್ಗೆ ಅವನ ಜೊತೆಗಾರನೊಬ್ಬ ಎಸೆದ ಬಾಂಬು ಗುರಿ ತಪ್ಪಿತ್ತು. ಆಮೇಲೆ ಯುವರಾಜನ ಕಾರು ದಾರಿ ತಪ್ಪಿ ಪ್ರಿನ್ಸಿಪ್ ನಿಂತಿದ್ದ ಬೀದಿಗೇ ತಿರುಗಿತು.

ಆದರೆ ಗಮನಿಸಿ: ಕೊಲೆಗೂ ಮೊದಲ ಯುದ್ಧ ಘೋಷಣೆಗೂ ನಡುವೆ ಸರಿಯಾಗಿ ಒಂದು ತಿಂಗಳಿದೆ. ಯುರೋಪ್ ತಕ್ಷಣ ಹೊತ್ತಿಕೊಳ್ಳಲಿಲ್ಲ. ಆಸ್ಟ್ರಿಯಾಕ್ಕೆ ಸರ್ಬಿಯಾದ ಸದ್ದಡಗಿಸುವ ಆಸೆ ಮೊದಲಿನಿಂದಲೂ ಇತ್ತು. ಈಗ ನೆಪ ಸಿಕ್ಕಿತು. ಜುಲೈ ಮೊದಲ ವಾರದಲ್ಲಿ ಜರ್ಮನಿ ‘ಏನು ಮಾಡಿದರೂ ನಿಮ್ಮ ಬೆನ್ನಿಗಿದ್ದೇವೆ’ ಎಂದು ಮಾತು ಕೊಟ್ಟಿತು. ಜುಲೈ 23ಕ್ಕೆ ಆಸ್ಟ್ರಿಯಾ 48 ಗಂಟೆಗಳ ಗಡುವಿನ ಹತ್ತು ಬೇಡಿಕೆಗಳನ್ನು ಸರ್ಬಿಯಾದ ಮುಂದಿಟ್ಟಿತು. ಸರ್ಬಿಯಾ ಬಹುಪಾಲು ಒಪ್ಪಿತು. ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ತನಿಖೆ ನಡೆಸುವುದನ್ನು ಮಾತ್ರ ಒಪ್ಪಲಿಲ್ಲ. ಜುಲೈ 28ಕ್ಕೆ ಯುದ್ಧ ಘೋಷಣೆಯಾಯಿತು. ಸರ್ಬಿಯಾದ ಪರವಾಗಿ ರಷ್ಯಾ ಜುಲೈ 30ರಂದು ತನ್ನ ಪೂರ್ತಿ ಸೈನ್ಯವನ್ನು ಕರೆಯಿತು. ಜರ್ಮನಿ ಆಗಸ್ಟ್ 1ಕ್ಕೆ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ ಯುದ್ಧ ಸಾರಿ, 4ಕ್ಕೆ ಬೆಲ್ಜಿಯಂಗೆ ನುಗ್ಗಿತು. ಬೆಲ್ಜಿಯಂನ ತಟಸ್ಥತೆಗೆ 1839ರ ಲಂಡನ್ ಒಪ್ಪಂದದಲ್ಲಿ ಸಹಿ ಹಾಕಿದ್ದ ಬ್ರಿಟನ್ ಅದೇ ದಿನ ಕಣಕ್ಕಿಳಿಯಿತು.

ಕೊನೆಯ ಗಳಿಗೆಯಲ್ಲಾದರೂ ನಿಲ್ಲಿಸಬಹುದಿತ್ತಲ್ಲವೇ?

ರಾಜಕಾರಣಿಗಳ ಮಟ್ಟಿಗೆ, ಹೌದು. ಆದರೆ ಅಷ್ಟು ಹೊತ್ತಿಗೆ ನಿರ್ಧಾರ ರೈಲ್ವೆ ವೇಳಾಪಟ್ಟಿಗಳ ಕೈಗೆ ಹೋಗಿತ್ತು.

ಅಂದಿನ ಸೈನ್ಯಗಳು ಶಾಂತಿಕಾಲದಲ್ಲಿ ಚಿಕ್ಕವು. ಯುದ್ಧ ಬಂದರೆ ತರಬೇತಿ ಮುಗಿಸಿ ಮನೆಗೆ ಹೋಗಿದ್ದ ಮೀಸಲು ಸೈನಿಕರನ್ನು ಊರೂರಿಂದ ಕರೆಸಿ, ಬಟ್ಟೆ ಬಂದೂಕು ಕೊಟ್ಟು, ಕುದುರೆ ಫಿರಂಗಿಗಳ ಸಮೇತ ಗಡಿಗೆ ಸಾಗಿಸಬೇಕು. ಜರ್ಮನಿ ಇದಕ್ಕೆ ಸುಮಾರು 11,000 ರೈಲುಗಳನ್ನು 312 ಗಂಟೆಗಳಲ್ಲಿ ಓಡಿಸಿತು. ಕೊಲೋನ್ ನಗರದಲ್ಲಿ ರೈನ್ ನದಿಯ ಒಂದೇ ಸೇತುವೆಯ ಮೇಲೆ ಎರಡು ವಾರ ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಂದು ಸೈನಿಕ ರೈಲು ದಾಟಿತು. ಒಂದು ಗಾಡಿ ತಡವಾದರೆ ಹಿಂದಿನವೆಲ್ಲ ನಿಲ್ಲುತ್ತವೆ. ಹಾಗಾಗಿ ಮೊದಲು ಕರೆದವನಿಗೆ ಲಾಭ, ತಡ ಮಾಡಿದವನಿಗೆ ಸಾವು ಎಂದು ಪ್ರತಿಯೊಂದು ದೇಶದ ದಂಡನಾಯಕರೂ ನಂಬಿದ್ದರು.

ಆಗಸ್ಟ್ 1ರ ಸಂಜೆ ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್‌ಹೆಲ್ಮ್‌ಗೆ ಫ್ರಾನ್ಸ್ ತಟಸ್ಥವಾಗಿ ಉಳಿಯಬಹುದು ಎಂಬ ಸುದ್ದಿ ಬಂತು. ಹಾಗಾದರೆ ಪೂರ್ತಿ ಸೈನ್ಯವನ್ನು ಪೂರ್ವಕ್ಕೆ, ರಷ್ಯಾದ ಕಡೆಗೆ ತಿರುಗಿಸಿ ಎಂದ. ಸೇನಾ ಮುಖ್ಯಸ್ಥ ಮೋಲ್ಟ್‌ಕೆ ಆಗದು ಎಂದ. ವರ್ಷವಿಡೀ ಕೂತು ಬರೆದ ವೇಳಾಪಟ್ಟಿಯನ್ನು ಒಂದು ರಾತ್ರಿಯಲ್ಲಿ ತಿರುಗಿಸಲು ಬರುವುದಿಲ್ಲ. ಸುದ್ದಿ ಸುಳ್ಳೆಂದು ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು.

ಯಾರು ಯಾವ ಕಡೆ?

ಒಂದು ಕಡೆ ಜರ್ಮನಿ, ಆಸ್ಟ್ರಿಯಾ-ಹಂಗೇರಿ, 1914ರ ಕೊನೆಯಿಂದ ಆಟೊಮನ್ ತುರ್ಕಿ, 1915ರಿಂದ ಬಲ್ಗೇರಿಯಾ. ಇನ್ನೊಂದು ಕಡೆ ಫ್ರಾನ್ಸ್, ರಷ್ಯಾ, ಬ್ರಿಟನ್ ಮತ್ತು ಅದರ ಸಾಮ್ರಾಜ್ಯ, ಸರ್ಬಿಯಾ, ಬೆಲ್ಜಿಯಂ, ಜಪಾನ್. ಆಮೇಲೆ ಇಟಲಿ (1915), ರೊಮೇನಿಯಾ (1916), ಅಮೆರಿಕ (1917). ಇಟಲಿ ಕಾಗದದ ಮೇಲೆ ಜರ್ಮನಿಯ ಮಿತ್ರ. ಹೆಚ್ಚು ನೆಲ ಕೊಡುವುದಾಗಿ ಹೇಳಿದವರ ಕಡೆ ಹೋಯಿತು.

ಆರು ವಾರಗಳಲ್ಲಿ ಫ್ರಾನ್ಸನ್ನು ಮುಗಿಸುವ ಜರ್ಮನಿಯ ಯೋಜನೆ ಎಲ್ಲಿ ಎಡವಿತು?

ನಡಿಗೆಯಲ್ಲಿ. ಯೋಜನೆ ಹೀಗಿತ್ತು: ರಷ್ಯಾದ ಸೈನ್ಯ ಕೂಡಿಕೊಳ್ಳಲು ತಡವಾಗುತ್ತದೆ. ಅಷ್ಟರೊಳಗೆ ಬೆಲ್ಜಿಯಂ ಮೂಲಕ ಸುತ್ತಿ ಬಂದು ಫ್ರೆಂಚರನ್ನು ಹಿಂದಿನಿಂದ ಹಿಡಿದು, ಆಮೇಲೆ ರೈಲು ಹತ್ತಿ ಪೂರ್ವಕ್ಕೆ ಹೋಗುವುದು. ಗಡಿಯವರೆಗೆ ರೈಲು ಸರಿ, ಗಡಿ ದಾಟಿದ ಮೇಲೆ ಕಾಲೇ ಗತಿ. ಬಲತುದಿಯ ಸೈನಿಕರು ಆಗಸ್ಟ್ ಬಿಸಿಲಲ್ಲಿ ದಿನಕ್ಕೆ 20–25 ಕಿ.ಮೀ. ನಡೆದರು. ಬೆಲ್ಜಿಯನ್ನರು ಹಿಂದೆ ಸರಿಯುತ್ತಾ ರೈಲು ಸೇತುವೆ, ಸುರಂಗಗಳನ್ನು ಒಡೆದುಹಾಕಿದ್ದರು. ಬಲತುದಿಯ ಮೊದಲ ಸೈನ್ಯವೊಂದರಲ್ಲೇ 84,000 ಕುದುರೆಗಳು. ಅವಕ್ಕೆ ದಿನಕ್ಕೆ ಸುಮಾರು 900 ಟನ್ ಮೇವು ಬೇಕು. ಅಷ್ಟನ್ನು ಹೊತ್ತು ತರುವ ಗಾಡಿಗಳೇ ಇರಲಿಲ್ಲ, ಇದ್ದ ಲಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟು ನಿಂತವು. ಕುದುರೆಗಳು ಹೊಲದ ಹಸಿ ಪೈರು ಮೇಯ್ದು ಬಿದ್ದವು, ಅವು ಎಳೆಯುತ್ತಿದ್ದ ಫಿರಂಗಿಗಳು ಹಿಂದುಳಿದವು.

ಫ್ರೆಂಚರದ್ದು ಇದರ ತಿರುವುಮುರುವು. ಹಿಂದೆ ಸರಿದಷ್ಟೂ ತಮ್ಮ ರೈಲು ಜಾಲಕ್ಕೆ ಹತ್ತಿರವಾದರು. ದಂಡನಾಯಕ ಜೋಫ್ರ್ ಪೂರ್ವದ ಗಡಿಯಿಂದ ದಳಗಳನ್ನು ರೈಲಿನಲ್ಲಿ ಪ್ಯಾರಿಸ್ ಕಡೆಗೆ ತಂದು ಹೊಸ ಸೈನ್ಯ ನಿಲ್ಲಿಸಿದ. ಸೆಪ್ಟೆಂಬರ್ ಎರಡನೇ ವಾರದ ಮಾರ್ನ್ ನದಿಯ ಕದನದಲ್ಲಿ ಜರ್ಮನರ ಎರಡು ಸೈನ್ಯಗಳ ನಡುವೆ ಬಿದ್ದ ಕಿಂಡಿಗೆ ಬ್ರಿಟಿಷರು ಮತ್ತು ಫ್ರೆಂಚರು ನುಗ್ಗಿದರು. ಜರ್ಮನರು ಏನ್ ನದಿಯ ದಂಡೆಗೆ ಹಿಂದೆ ಸರಿದು ಅಲ್ಲೇ ಅಗೆದುಕೊಂಡು ಕೂತರು. ಗೆಲ್ಲುವ ಒಂದೇ ಯೋಜನೆ ಇದ್ದ ದೇಶಕ್ಕೆ ಯುದ್ಧ ಅಲ್ಲಿಗೇ ಕೈತಪ್ಪಿತು ಎನ್ನಬಹುದು, ಉಳಿದ ನಾಲ್ಕು ವರ್ಷ ಅದನ್ನು ಒಪ್ಪಿಕೊಳ್ಳಲು ಹಿಡಿಯಿತು.

ಪ್ಯಾರಿಸ್ಸನ್ನು ಟ್ಯಾಕ್ಸಿಗಳು ಉಳಿಸಿದವು ಎನ್ನುತ್ತಾರಲ್ಲ?

ಸುಮಾರು ಆರುನೂರು ಟ್ಯಾಕ್ಸಿಗಳು ಕೆಲವು ಸಾವಿರ ಸೈನಿಕರನ್ನು ಕದನಕ್ಕೆ ಸಾಗಿಸಿದ್ದು ನಿಜ. ಲಕ್ಷಗಟ್ಟಲೆ ಜನ ಕಾದಾಡುತ್ತಿದ್ದ ಕಡೆ ಅದು ಹನಿ ನೀರು. ಪ್ಯಾರಿಸ್ಸನ್ನು ಉಳಿಸಿದ್ದು ರೈಲು. ಟ್ಯಾಕ್ಸಿಯ ಕಥೆ ಕೇಳಲು ಚೆನ್ನಾಗಿದೆ, ಅಷ್ಟೆ.

ಕಂದಕ ಎಂದರೆ ಬರೀ ಉದ್ದನೆಯ ಗುಂಡಿಯೇ?

ಅಲ್ಲ. 1914ರ ಕೊನೆಗೆ ಸ್ವಿಸ್ ಗಡಿಯಿಂದ ಉತ್ತರ ಸಮುದ್ರದವರೆಗೆ ಸುಮಾರು 700 ಕಿ.ಮೀ. ಉದ್ದಕ್ಕೆ ಎರಡೂ ಕಡೆಯವರು ಅಗೆದುಕೊಂಡಿದ್ದರು. ಒಂದೊಂದು ಕಡೆಗೂ ಕನಿಷ್ಠ ಮೂರು ಸಾಲು: ಮುಂಚೂಣಿ, ಅದರ ಹಿಂದೆ ಆಸರೆಯ ಸಾಲು, ಇನ್ನೂ ಹಿಂದೆ ಮೀಸಲು ಸಾಲು. ಇವನ್ನು ಅಡ್ಡಡ್ಡ ಓಡಾಟದ ಕಂದಕಗಳು ಜೋಡಿಸುತ್ತಿದ್ದವು.

ಮುಂಚೂಣಿಯ ಕಂದಕ ಆಳೆತ್ತರಕ್ಕಿಂತ ತುಸು ಹೆಚ್ಚು, ಎರಡು ಮೀಟರಿನಷ್ಟು. ಮುಂದಿನ ಅಂಚಿಗೆ ಮರಳು ಚೀಲಗಳ ಗೋಡೆ. ಒಳಗೆ ಗುಂಡು ಹಾರಿಸಲು ಹತ್ತಿ ನಿಲ್ಲುವ ಮೆಟ್ಟಿಲು. ಕೆಳಗೆ ಕೆಸರಿನ ಮೇಲೆ ಮರದ ಪಟ್ಟಿಗಳ ಹಾಸು. ಮುಂದುಗಡೆ ಮೀಟರುಗಟ್ಟಲೆ ಅಗಲದ ಮುಳ್ಳುತಂತಿಯ ಪೊದೆ. ಕಂದಕವನ್ನು ನೇರ ಗೆರೆಯಲ್ಲಿ ತೋಡುತ್ತಿರಲಿಲ್ಲ. ಕೆಲವು ಮೀಟರಿಗೊಮ್ಮೆ ತಿರುವು ಕೊಡುತ್ತಿದ್ದರು. ನೇರವಾಗಿದ್ದರೆ ಒಂದು ತುದಿಗೆ ನುಗ್ಗಿದ ಶತ್ರು ಒಂದೇ ಮೆಷಿನ್ ಗನ್ನಿನಿಂದ ಉದ್ದಕ್ಕೂ ಕೊಲ್ಲಬಹುದು. ಒಳಗೆ ಬಿದ್ದ ಗುಂಡಿನ ಚೂರುಗಳೂ ದೂರ ಹಾರುತ್ತವೆ. ತಿರುವಿದ್ದರೆ ಹಾನಿ ಒಂದು ಖಾನೆಯಲ್ಲೇ ನಿಲ್ಲುತ್ತದೆ.

ನಾಲ್ಕು ವರ್ಷವೂ ಅಲ್ಲೇ ಯಾರೂ ಕೂತಿರಲಿಲ್ಲ. ಕೆಲವು ದಿನ ಮುಂಚೂಣಿ, ಕೆಲವು ದಿನ ಹಿಂದಿನ ಸಾಲು, ಆಮೇಲೆ ಹಳ್ಳಿಯಲ್ಲಿ ವಿಶ್ರಾಂತಿ, ಹೀಗೆ ಸರದಿ. ಗುಂಡಿನಷ್ಟೇ ಕಾಟ ಕೊಟ್ಟದ್ದು ನೀರು. ಒದ್ದೆ ಬೂಟಿನಲ್ಲಿ ದಿನಗಟ್ಟಲೆ ನಿಂತರೆ ಕಾಲು ಮರಗಟ್ಟಿ, ಊದಿ, ಕೊಳೆಯಲು ಶುರುವಾಗುತ್ತದೆ. ಇದಕ್ಕೆ ಕಂಡುಕೊಂಡ ಮದ್ದು ಸರಳ: ದಿನವೂ ಒಣ ಕಾಲುಚೀಲ, ಪಾದಕ್ಕೆ ತಿಮಿಂಗಿಲದ ಎಣ್ಣೆ ಉಜ್ಜುವುದು, ಮಾಡಿದ್ದಾರೋ ಇಲ್ಲವೋ ಎಂದು ಅಧಿಕಾರಿಯೇ ನೋಡುವುದು. ಜೋಡಿ ಜೋಡಿಯಾಗಿ ಒಬ್ಬರ ಕಾಲನ್ನು ಇನ್ನೊಬ್ಬರು ಉಜ್ಜುವ ಪದ್ಧತಿ ಬಂದ ಮೇಲೆ ಪ್ರಕರಣಗಳು ಇಳಿದವು. ಹೇನಿಗೆ ಮಾತ್ರ ಮದ್ದು ಸಿಗಲಿಲ್ಲ. ಅವು ಹರಡಿದ ಕಂದಕ ಜ್ವರ ಲಕ್ಷಾಂತರ ಜನರನ್ನು ಮಲಗಿಸಿತು.

ಇಷ್ಟು ಜನ, ಇಷ್ಟು ಫಿರಂಗಿ ಇದ್ದರೂ ಯಾಕೆ ಯಾರಿಗೂ ಸಾಲು ಭೇದಿಸಲು ಆಗಲಿಲ್ಲ?

ದಂಡನಾಯಕರು ದಡ್ಡರು ಎಂಬುದು ಸುಲಭದ ಉತ್ತರ. ಕೆಲವರು ದಡ್ಡರೇ. ಆದರೆ ಮೊದಲ ಸಾಲನ್ನು ಭೇದಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಭಾರತೀಯ ದಳಗಳೂ ಇದ್ದ 1915ರ ಮಾರ್ಚಿನ ನವ್ ಶಾಪೆಲ್ ಕದನದಲ್ಲಿ ಮೊದಲ ಕೆಲವು ಗಂಟೆಗಳಲ್ಲೇ ಹಳ್ಳಿ ಕೈವಶವಾಯಿತು. ತೊಂದರೆ ಆಮೇಲೆ.

ಸಾಲು ಒಡೆದ ಸುದ್ದಿ ಹಿಂದಕ್ಕೆ ಮುಟ್ಟಬೇಕು. ಹೊತ್ತೊಯ್ಯುವ ರೇಡಿಯೊ ಇಲ್ಲ. ಟೆಲಿಫೋನ್ ತಂತಿ ಗುಂಡಿನ ಮಳೆಗೆ ತುಂಡಾಗುತ್ತದೆ. ಓಡಿ ಸುದ್ದಿ ಒಯ್ಯುವವರು ಸಾಯುತ್ತಾರೆ. ಉಳಿದದ್ದು ಪಾರಿವಾಳ. ಸುದ್ದಿ ಮುಟ್ಟಿ, ಆಜ್ಞೆ ಮರಳಿ ಬರುವಷ್ಟರಲ್ಲಿ ಗಂಟೆಗಳು ಕಳೆದಿರುತ್ತವೆ. ಮುನ್ನುಗ್ಗಿದವರಿಗೆ ಬಲ ಬರಬೇಕಾದದ್ದು ತಮ್ಮದೇ ಗುಂಡುಗಳು ಉತ್ತಿಟ್ಟ ಕೆಸರಿನ ಮೇಲೆ, ಕಾಲ್ನಡಿಗೆಯಲ್ಲಿ. ತಡೆಯುವವರಿಗೆ ಬಲ ಬರುವುದು ಹಿಂದಿನ ಹಳ್ಳಿಯ ಸ್ಟೇಷನ್ನಿಗೆ, ರೈಲಿನಲ್ಲಿ. ಈ ಓಟದಲ್ಲಿ ಯಾವಾಗಲೂ ರೈಲೇ ಗೆಲ್ಲುತ್ತಿತ್ತು.

1916ರ ಸೋಮ್ ಕದನದಲ್ಲಿ ಮೊದಲ ಸಾಲೂ ಬಹುತೇಕ ಕಡೆ ಸಿಗಲಿಲ್ಲ. ಬ್ರಿಟಿಷರು ಏಳು ದಿನ 15 ಲಕ್ಷಕ್ಕೂ ಹೆಚ್ಚು ಗುಂಡುಗಳನ್ನು ಸುರಿದರು. ಕೇಳಲು ಭಾರೀ ಸಂಖ್ಯೆ, ಆದರೆ ಅಷ್ಟು ಅಗಲದ ರಂಗಕ್ಕೆ, ಒಂದರ ಹಿಂದೆ ಒಂದಿದ್ದ ಸಾಲುಗಳಿಗೆ ಹಂಚಿದರೆ ತೆಳು. ಬಹುಪಾಲು ಗುಂಡುಗಳು ಗಾಳಿಯಲ್ಲೇ ಒಡೆದು ಸೀಸದ ಗೋಲಿ ಚೆಲ್ಲುವಂಥವು. ಬಯಲಲ್ಲಿ ನಿಂತವರನ್ನು ಕೊಲ್ಲಲು ಅವು ಸರಿ. ಮುಳ್ಳುತಂತಿ ಕಡಿಯಲು, ಹತ್ತು ಮೀಟರ್ ಆಳದ ನೆಲಮಾಳಿಗೆ ಒಡೆಯಲು ಅಲ್ಲ. ಅವಸರದಲ್ಲಿ ತಯಾರಾದ ಗುಂಡುಗಳಲ್ಲಿ ಎಷ್ಟೋ ಒಡೆಯಲೇ ಇಲ್ಲ. ಜುಲೈ 1ರ ಬೆಳಿಗ್ಗೆ ಫಿರಂಗಿಗಳ ಗುರಿ ಹಿಂದಿನ ಸಾಲುಗಳತ್ತ ಸರಿದ ಕೂಡಲೇ ಜರ್ಮನರು ನೆಲಮಾಳಿಗೆಯಿಂದ ಮೇಲೆ ಬಂದು, ನಿಮಿಷಕ್ಕೆ 400–500 ಗುಂಡು ಹಾರಿಸುವ ಮೆಷಿನ್ ಗನ್ನುಗಳನ್ನು ಹೂಡಿದರು. ಆ ಒಂದು ದಿನದಲ್ಲಿ ಬ್ರಿಟಿಷ್ ಸೈನ್ಯದ 57,470 ಮಂದಿ ಸತ್ತು, ಗಾಯಗೊಂಡು, ಕಾಣೆಯಾದರು, ಸತ್ತವರೇ 19,240.

ಅಲ್ಲಿಂದ ಕಲಿತದ್ದು ನಿಧಾನವಾಗಿ ಬಂತು. ಗುಂಡಿನ ತೆರೆಯನ್ನು ಕೆಲವು ನಿಮಿಷಕ್ಕೆ ನೂರು ಗಜದಂತೆ ಮುಂದೆ ಸರಿಸುತ್ತಾ, ಅದರ ಬೆನ್ನಿಗೇ ಸೈನಿಕರು ನಡೆಯುವುದು. ತಂತಿಗೆ ತಾಗಿದ ಕ್ಷಣವೇ ಒಡೆಯುವ ಹೊಸ ಬತ್ತಿ. 1916ರ ಸೆಪ್ಟೆಂಬರ್ 15ರಂದು ಮೊದಲ ಸಲ ಬಂದ ಟ್ಯಾಂಕು. ಅಂದು 49 ಸಿದ್ಧವಿದ್ದವು, ಹೊರಡುವ ಗೆರೆ ಮುಟ್ಟಿದ್ದು 32, ಉಳಿದವು ದಾರಿಯಲ್ಲೇ ಕೆಟ್ಟವು.

ವಿಷಾನಿಲದಿಂದ ಯಾರಾದರೂ ಗೆದ್ದರೇ?

ಇಲ್ಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನರು 5,700ಕ್ಕೂ ಹೆಚ್ಚು ಸಿಲಿಂಡರುಗಳಿಂದ ಸುಮಾರು 168 ಟನ್ ಕ್ಲೋರಿನ್ ಬಿಟ್ಟರು. ಎದುರಿನ ಸಾಲು ಕೆಲವು ಕಿಲೋಮೀಟರ್ ಖಾಲಿಯಾಯಿತು. ಆದರೆ ಇದು ಪ್ರಯೋಗ ಎಂದುಕೊಂಡಿದ್ದರಿಂದ ನುಗ್ಗಲು ಸಾಕಷ್ಟು ಮೀಸಲು ದಳ ಇಟ್ಟುಕೊಂಡಿರಲಿಲ್ಲ. ತಮ್ಮದೇ ಅನಿಲದೊಳಕ್ಕೆ ಹೋಗಲು ಸೈನಿಕರೂ ಹಿಂಜರಿದರು. ಗಾಳಿ ತಿರುಗಿದರೆ ಬಿಟ್ಟವನ ಮೇಲೇ ಬರುತ್ತದೆ ಎಂಬುದೂ ಒಂದು. ಮೊದಲು ಒದ್ದೆ ಬಟ್ಟೆ, ಆಮೇಲೆ ರಾಸಾಯನಿಕದಲ್ಲಿ ಅದ್ದಿದ ಮುಸುಕು, 1916ಕ್ಕೆ ಇದ್ದಿಲ ಡಬ್ಬಿಯ ಮುಖವಾಡ ಬಂದ ಮೇಲೆ ಸಾವು ಕಡಿಮೆಯಾಯಿತು. 1917ರ ಜುಲೈಯಲ್ಲಿ ಬಂದ ಸಾಸಿವೆ ಅನಿಲಕ್ಕೆ ಮುಖವಾಡ ಸಾಲದು, ಅದು ಚರ್ಮವನ್ನೇ ಬೊಬ್ಬೆ ಎಬ್ಬಿಸುತ್ತದೆ. ಕೊಂದದ್ದಕ್ಕಿಂತ ಅದು ವಾರಗಟ್ಟಲೆ ಆಸ್ಪತ್ರೆಗೆ ಸೇರಿಸಿದ್ದು ಹೆಚ್ಚು.

ವರ್ಡನ್ ಹತ್ತು ತಿಂಗಳು ಹೇಗೆ ಉಳಿಯಿತು?

ಒಂದು ರಸ್ತೆಯಿಂದ. 1916ರ ಫೆಬ್ರವರಿ 21ಕ್ಕೆ ಜರ್ಮನರು ದಾಳಿ ಶುರುಮಾಡಿದಾಗ ಫ್ರಾನ್ಸಿನ ಕೋಟೆ ಪಟ್ಟಣ ವರ್ಡನ್ನಿಗೆ ಬರುವ ದೊಡ್ಡ ರೈಲು ಹಾದಿಗಳು ಅವರ ಕೈಯಲ್ಲೋ ಫಿರಂಗಿಯ ಅಳತೆಯಲ್ಲೋ ಇದ್ದವು. ಉಳಿದದ್ದು ಒಂದು ಸಣ್ಣ ಗೇಜಿನ ಹಳಿ, ಮತ್ತು ಬಾರ್-ಲೆ-ದುಕ್ ಪಟ್ಟಣದಿಂದ ಬರುವ ಎಪ್ಪತ್ತು ಕಿ.ಮೀ. ಆಸುಪಾಸಿನ, ಏಳು ಮೀಟರ್ ಅಗಲದ ರಸ್ತೆ. ಫ್ರೆಂಚರು ಆ ರಸ್ತೆಯಿಂದ ಎತ್ತಿನಗಾಡಿ, ಕುದುರೆಗಾಡಿ, ಕಾಲ್ನಡಿಗೆಯ ದಳ ಎಲ್ಲವನ್ನೂ ಹೊರಗಿಟ್ಟು ಲಾರಿಗಳಿಗಷ್ಟೇ ಬಿಟ್ಟರು. ಸುಮಾರು 3,500 ಲಾರಿಗಳು ಹಗಲು ರಾತ್ರಿ ಓಡಿದವು. ಒತ್ತಡದ ದಿನಗಳಲ್ಲಿ 14 ಸೆಕೆಂಡಿಗೊಂದು. ನಿಯಮ ಒಂದೇ: ನಿಲ್ಲುವಂತಿಲ್ಲ. ಕೆಟ್ಟ ಲಾರಿಯನ್ನು ಪಕ್ಕದ ಚರಂಡಿಗೆ ತಳ್ಳುವುದು. ಹಿಮ ಕರಗಿ ರಸ್ತೆ ಕೆಸರಾದಾಗ ಉದ್ದಕ್ಕೂ ನಿಂತ ಕೂಲಿ ದಳಗಳು ಚಕ್ರಗಳ ನಡುವೆಯೇ ಜಲ್ಲಿ ಎಸೆಯುತ್ತಿದ್ದವು. ರೋಲರ್ ಬೇಕಿರಲಿಲ್ಲ, ಲಾರಿಗಳೇ ತುಳಿದು ಕೂರಿಸುತ್ತಿದ್ದವು. ವಾರಕ್ಕೆ 90,000 ಜನ, 50,000 ಟನ್ ಸರಕು ಹೀಗೆ ಸಾಗಿತು.

ರಷ್ಯಾ ಯಾಕೆ ಕುಸಿಯಿತು? ಸೈನ್ಯ ದೊಡ್ಡದಿತ್ತಲ್ಲ?

ಸೈನ್ಯ ದೊಡ್ಡದು, ಹಳಿ ಕಡಿಮೆ. 1914ರ ಆಗಸ್ಟಿನ ಟಾನೆನ್‌ಬರ್ಗ್ ಕದನದಲ್ಲಿ ಇದರ ಮುನ್ಸೂಚನೆ ಸಿಕ್ಕಿತು. ರಷ್ಯಾದ ಎರಡು ಸೈನ್ಯಗಳು ದೂರ ದೂರ ಇದ್ದವು; ಆಜ್ಞೆಗಳನ್ನು ಸಂಕೇತ ಭಾಷೆಯಿಲ್ಲದೆ ರೇಡಿಯೊದಲ್ಲಿ ಕಳಿಸಿದವು, ಜರ್ಮನರು ಕೂತು ಕೇಳಿಸಿಕೊಂಡರು. ಜರ್ಮನ್ ಸೇನಾಪತಿಗಳಾದ ಹಿಂಡನ್‌ಬರ್ಗ್ ಮತ್ತು ಲೂಡೆನ್‌ಡಾರ್ಫ್ ತಮ್ಮ ದಳಗಳನ್ನು ರೈಲಿನಲ್ಲಿ ಒಂದರಿಂದ ಇನ್ನೊಂದರ ಎದುರಿಗೆ ಸಾಗಿಸಿ ಸಾಮ್ಸೊನೊವ್‌ನ ಸೈನ್ಯವನ್ನು ಸುತ್ತುವರಿದರು. ಸುಮಾರು 92,000 ಜನ ಸೆರೆಯಾದರು, ಸಾಮ್ಸೊನೊವ್ ಕಾಡಿನಲ್ಲಿ ಗುಂಡು ಹಾರಿಸಿಕೊಂಡ.

1916ರ ಬೇಸಿಗೆಯಲ್ಲಿ ರಷ್ಯಾದ ಸೇನಾಪತಿ ಬ್ರುಸಿಲೊವ್ ಆಸ್ಟ್ರಿಯಾದ ಸೈನ್ಯವನ್ನು ನುಚ್ಚುನೂರು ಮಾಡಿದ್ದೂ ನಿಜ. ಆದರೆ ರೈಲುಗಳೆಲ್ಲ ಯುದ್ಧಕ್ಕೆ ಹೋದ ಮೇಲೆ ನಗರಗಳಿಗೆ ಧಾನ್ಯ ಬರಲಿಲ್ಲ. ದೇಶದಲ್ಲಿ ಧಾನ್ಯ ಇತ್ತು, ರಾಜಧಾನಿ ಪೆಟ್ರೊಗ್ರಾಡ್‌ನ ಬ್ರೆಡ್ ಅಂಗಡಿಯಲ್ಲಿ ಇರಲಿಲ್ಲ. 1917ರ ಮಾರ್ಚಿನಲ್ಲಿ ಬ್ರೆಡ್ಡಿಗಾಗಿ ನಿಂತ ಜನರ ಸಾಲುಗಳಿಂದಲೇ ದಂಗೆ ಎದ್ದು, 15ರಂದು ಝಾರ್ ನಿಕೊಲಸ್ ಪಟ್ಟ ಬಿಟ್ಟ. ನವೆಂಬರಿನಲ್ಲಿ ಲೆನಿನ್‌ನ ಪಕ್ಷದವರಾದ ಬೋಲ್ಶೆವಿಕರು ಅಧಿಕಾರ ಹಿಡಿದರು. 1918ರ ಮಾರ್ಚ್ 3ರ ಬ್ರೆಸ್ಟ್-ಲಿಟೋವ್ಸ್ಕ್ ಒಪ್ಪಂದದಲ್ಲಿ ಪೋಲೆಂಡ್, ಉಕ್ರೇನ್, ಬಾಲ್ಟಿಕ್ ನಾಡುಗಳನ್ನು ಬಿಟ್ಟುಕೊಟ್ಟು ರಷ್ಯಾ ಹೊರಬಂತು.

ಸಮುದ್ರದಲ್ಲಿ ದೊಡ್ಡ ಕದನಗಳು ಕಡಿಮೆ. ಹಾಗಾದರೆ ನೌಕಾಪಡೆ ಏನು ಮಾಡಿತು?

ಹಸಿವು ಹಂಚಿತು. 1916ರ ಮೇ ಕೊನೆಯ ಜಟ್‌ಲೆಂಡ್ ಕದನದಲ್ಲಿ ಬ್ರಿಟಿಷರು ಹೆಚ್ಚು ಹಡಗು, ಹೆಚ್ಚು ಜನ ಕಳೆದುಕೊಂಡರು. ಆದರೂ ಜರ್ಮನ್ ನೌಕಾಪಡೆ ಬಂದರಿಗೆ ಮರಳಿತು, ಬ್ರಿಟಿಷರು ದಿಗ್ಬಂಧನ ಹಾಕಿದ್ದ ಉತ್ತರ ಸಮುದ್ರದ ಬಾಗಿಲು ಮುಚ್ಚಿಯೇ ಉಳಿಯಿತು. ಜರ್ಮನಿಗೆ ಹೊರಗಿನ ಧಾನ್ಯ, ಮೇವು, ಗೊಬ್ಬರ ನಿಂತವು. ಸಿಡಿಮದ್ದಿಗೆ ಬೇಕಾದ ನೈಟ್ರೇಟ್ ಮೊದಲು ಚಿಲಿಯಿಂದ ಬರುತ್ತಿತ್ತು. ಗಾಳಿಯ ಸಾರಜನಕದಿಂದ ಅಮೋನಿಯ ಮಾಡುವ ಹಾಬರ್-ಬಾಷ್ ವಿಧಾನ ಇಲ್ಲದಿದ್ದರೆ ಜರ್ಮನಿಯ ಫಿರಂಗಿಗಳು ಬೇಗ ಸುಮ್ಮನಾಗುತ್ತಿದ್ದವು. ಆದರೆ ಆ ಸಾರಜನಕ ಮದ್ದಿಗೆ ಹೋದಷ್ಟೂ ಹೊಲಕ್ಕೆ ಇಲ್ಲ. 1916ರಲ್ಲಿ ಆಲೂಗಡ್ಡೆ ಬೆಳೆ ಕೊಳೆತು, ದನದ ಮೇವಾದ ಟರ್ನಿಪ್ ಗಡ್ಡೆಯೇ ಆ ಚಳಿಗಾಲದ ಊಟವಾಯಿತು.

ಜರ್ಮನಿ ತಿರುಗೇಟು ಕೊಟ್ಟದ್ದು ಜಲಾಂತರ್ಗಾಮಿಗಳಿಂದ. 1915ರ ಮೇ 7ಕ್ಕೆ ಲುಸಿಟೇನಿಯಾ ಹಡಗು ಮುಳುಗಿ 1,198 ಜನ ಸತ್ತಾಗ ಅಮೆರಿಕ ಗುಡುಗಿತು, ಜರ್ಮನಿ ಸ್ವಲ್ಪ ಕಾಲ ತಗ್ಗಿತು. 1917ರ ಫೆಬ್ರವರಿ 1ರಿಂದ ಎಚ್ಚರಿಕೆಯಿಲ್ಲದೆ ಯಾವ ಹಡಗನ್ನಾದರೂ ಮುಳುಗಿಸುವುದಾಗಿ ಸಾರಿತು. ಅಮೆರಿಕ ಯುದ್ಧಕ್ಕೆ ಬರುತ್ತದೆಂದು ಗೊತ್ತಿತ್ತು. ಬರುವಷ್ಟರಲ್ಲಿ ಬ್ರಿಟನ್ ಹಸಿವಿನಿಂದ ಮಣಿಯುತ್ತದೆ ಎಂಬ ಲೆಕ್ಕ. ಏಪ್ರಿಲ್ ಒಂದೇ ತಿಂಗಳಲ್ಲಿ 8 ಲಕ್ಷ ಟನ್ನಿಗೂ ಹೆಚ್ಚು ಹಡಗು ಮುಳುಗಿತು, ಲೆಕ್ಕ ಸರಿಯಾಗುವ ಹಾಗೆ ಕಂಡಿತು.

ಅದನ್ನು ಕೆಡಿಸಿದ್ದು ಗುಂಪು ಪ್ರಯಾಣ. ಇಪ್ಪತ್ತು ಹಡಗುಗಳನ್ನು ಒಟ್ಟಿಗೆ ಕಳಿಸಿದರೆ ಒಟ್ಟಿಗೇ ಸಿಕ್ಕಿಬೀಳುತ್ತವೆ ಎಂದು ನೌಕಾ ಅಧಿಕಾರಿಗಳು ಹೆದರಿದ್ದರು. ವಾಸ್ತವ ಉಲ್ಟಾ. ಕಡಲಿನ ಅಗಾಧತೆಯಲ್ಲಿ ಇಪ್ಪತ್ತು ಹಡಗಿನ ಗುಂಪು ಕಣ್ಣಿಗೆ ಬೀಳುವ ಸಾಧ್ಯತೆ ಒಂಟಿ ಹಡಗಿಗಿಂತ ಹೆಚ್ಚೇನಲ್ಲ, ಉಳಿದ ಕಡಲೆಲ್ಲ ಖಾಲಿ. ಸಿಕ್ಕರೂ ಒಂದೆರಡು ಟಾರ್ಪೆಡೊ ಬಿಡುವಷ್ಟು ಹೊತ್ತು, ಅಷ್ಟರಲ್ಲಿ ಕಾವಲು ಹಡಗುಗಳು ಮೇಲೆ ಬೀಳುತ್ತವೆ.

ಭಾರತದಿಂದ ಎಷ್ಟು ಜನ ಹೋದರು? ಎಲ್ಲಿಗೆ?

ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಮತ್ತು ಕೆಲಸಗಾರರು ಸಮುದ್ರ ದಾಟಿದರು, ಸುಮಾರು 74,000 ಮಂದಿ ಮರಳಲಿಲ್ಲ. ಮೊದಲ ದಳಗಳು 1914ರ ಸೆಪ್ಟೆಂಬರ್ 26ಕ್ಕೆ ಮಾರ್ಸೇಲ್ ಬಂದರಿನಲ್ಲಿ ಇಳಿದವು, ಬಿಸಿಲ ನಾಡಿನ ಬಟ್ಟೆಯಲ್ಲೇ. ಆದರೆ ಅತಿ ದೊಡ್ಡ ಸಂಖ್ಯೆ ಹೋದದ್ದು ಫ್ರಾನ್ಸಿಗಲ್ಲ, ಮೆಸೊಪೊಟೇಮಿಯಾಕ್ಕೆ, ಇಂದಿನ ಇರಾಕಿಗೆ.

ಅಲ್ಲಿನ ಕೂತ್ ಪಟ್ಟಣದ ಮುತ್ತಿಗೆ ಸರಬರಾಜು ಎಷ್ಟು ಕೆಡಬಹುದು ಎಂಬುದಕ್ಕೆ ಮಾದರಿ. ಬಾಸ್ರಾದಲ್ಲಿ ಸರಿಯಾದ ಧಕ್ಕೆ ಇಲ್ಲ, ಮುಂದಕ್ಕೆ ರೈಲಿಲ್ಲ, ಟೈಗ್ರಿಸ್ ನದಿಯಲ್ಲಿ ಸಾಕಷ್ಟು ದೋಣಿಗಳಿಲ್ಲ. ಹೀಗಿದ್ದೂ ಜನರಲ್ ಟೌನ್‌ಶೆಂಡ್‌ನ ದಳವನ್ನು ಬಾಗ್ದಾದ್ ಕಡೆಗೆ ನೂಕಿದರು. ಟೆಸಿಫಾನ್‌ನಲ್ಲಿ ಪೆಟ್ಟು ತಿಂದು ಕೂತ್‌ಗೆ ಮರಳಿದ ದಳ 1915ರ ಡಿಸೆಂಬರಿನಿಂದ 147 ದಿನ ಮುತ್ತಿಗೆಯಲ್ಲಿ ಸಿಕ್ಕಿತು. ಕುದುರೆ ಮಾಂಸ ತಿನ್ನಲೊಪ್ಪದ ಭಾರತೀಯ ಸೈನಿಕರು ಬರೀ ಹಿಟ್ಟಿನ ಮೇಲೆ ಸೊರಗಿದರು, ತರಕಾರಿಯಿಲ್ಲದೆ ಸ್ಕರ್ವಿ ಹಿಡಿಯಿತು. ವಿಮಾನದಿಂದ ಆಹಾರ ಚೀಲ ಎಸೆಯುವ ಪ್ರಯತ್ನವೂ ಆಯಿತು, ಸಾಲಲಿಲ್ಲ. 1916ರ ಏಪ್ರಿಲ್ 29ಕ್ಕೆ ಸುಮಾರು 13,000 ಜನ ಶರಣಾದರು. ಸೈನಿಕರು ಮರುಭೂಮಿಯಲ್ಲಿ ನಡೆದು ಸಾವಿರಗಟ್ಟಲೆ ಸತ್ತರು. ಟೌನ್‌ಶೆಂಡ್ ಇಸ್ತಾಂಬುಲ್ ಬಳಿಯ ದ್ವೀಪದ ಬಂಗಲೆಯಲ್ಲಿ ಸೆರೆವಾಸ ಕಳೆದ.

ಮೈಸೂರಿನ ಪಾತ್ರ?

ಯುದ್ಧ ಶುರುವಾದಾಗಲೇ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಈಜಿಪ್ಟ್, ಪ್ಯಾಲೆಸ್ಟೈನ್‌ಗೆ ಹೋಯಿತು. 1918ರ ಸೆಪ್ಟೆಂಬರ್ 23ರ ಹೈಫಾ ಕದನದಲ್ಲಿ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಜೌಗು, ನಡುವೆ ಕಿರಿದಾದ ದಾರಿ, ಅದರ ಮೇಲೆ ಮೆಷಿನ್ ಗನ್ನುಗಳ ಕಣ್ಣು. ಮೈಸೂರಿನ ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು; ಜೋಧಪುರದ ಸವಾರರು ಕೆಳಗಿನಿಂದ ಊರಿಗೆ ನುಗ್ಗಿದರು. ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲಿ ಮಡಿದರು. 1,350 ಸೆರೆಯಾಳುಗಳು, 17 ಫಿರಂಗಿಗಳು ಕೈಸೇರಿದವು. ಕುದುರೆ, ಭರ್ಜಿ ಮೆಷಿನ್ ಗನ್ನನ್ನು ಹೇಗೆ ಗೆದ್ದವು ಎಂದು ಕೇಳುವವರಿಗೆ: ಧೈರ್ಯ ನಿಜ, ಆದರೆ ನಾಲ್ಕು ದಿನ ಮೊದಲು ಮೆಗಿದ್ದೊದಲ್ಲಿ ಆ ತುರ್ಕಿ ಸೈನ್ಯದ ಬೆನ್ನು ಮುರಿದಿತ್ತು. ಫ್ರಾನ್ಸಿನ ತಂತಿ ಬೇಲಿಯ ಮುಂದೆ ಇದೇ ದಾಳಿ ನಡೆಯುತ್ತಿರಲಿಲ್ಲ. ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ; ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ದಳಗಳವು.

ಇನ್ನೊಂದು ಪರಿಣಾಮ ಬಚ್ಚಲುಮನೆಯವರೆಗೆ ಬಂದಿದೆ. ಮೈಸೂರಿನ ಶ್ರೀಗಂಧದ ಕೊರಡು ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಆ ಮಾರುಕಟ್ಟೆ ಮುಚ್ಚಿ ಗಂಧದ ರಾಶಿ ಉಳಿಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ನಡೆದು, 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಗಂಧದೆಣ್ಣೆ ಕಾರ್ಖಾನೆ, ಆಮೇಲೆ ಸಾಬೂನು ಕಾರ್ಖಾನೆ ಬಂದವು.

1918ರ ಮಾರ್ಚಿನಲ್ಲಿ ಗೆಲ್ಲುವಂತಿದ್ದ ಜರ್ಮನಿ ನವೆಂಬರಿಗೆ ಸೋತದ್ದು ಹೇಗೆ?

ಮಾರ್ಚ್ 21ರ ದಾಳಿ ಭಯಂಕರವಾಗಿತ್ತು. ಪೂರ್ವದಿಂದ ತಂದ ದಳಗಳು, 6,000ಕ್ಕೂ ಹೆಚ್ಚು ಫಿರಂಗಿಗಳು, ಐದೇ ಗಂಟೆಯ ಗುಂಡಿನ ಮಳೆ, ಗಟ್ಟಿ ನೆಲೆಗಳನ್ನು ಬಳಸಿ ನುಗ್ಗುವ ಸಣ್ಣ ತಂಡಗಳು. ಎರಡು ವಾರಗಳಲ್ಲಿ ಸುಮಾರು 65 ಕಿ.ಮೀ. ಒಳಬಂದರು. ಆದರೆ ಬಂದದ್ದು ಎಲ್ಲಿಗೆ? ಹಳೆಯ ಸೋಮ್ ರಣರಂಗದ ಹಾಳುಭೂಮಿಗೆ. ರಸ್ತೆಯಿಲ್ಲ, ಹಳಿಯಿಲ್ಲ, ಕುದುರೆಗಳಿಗೆ ಮೇವಿಲ್ಲ. ಹಸಿದ ಸೈನಿಕರು ಬ್ರಿಟಿಷ್ ಉಗ್ರಾಣಗಳನ್ನು ಕಂಡು ದಾಳಿ ಮರೆತು ತಿನ್ನಲು ಕುಡಿಯಲು ಕೂತರು. ಬ್ರಿಟಿಷ್ ಸೈನ್ಯದ ಉಸಿರಾಗಿದ್ದ ಅಮಿಯಾಂ ರೈಲ್ವೆ ಜಂಕ್ಷನ್ ಕಣ್ಣಳತೆಯಲ್ಲಿದ್ದರೂ ಸಿಗಲಿಲ್ಲ. ಅದನ್ನೇ ಮೊದಲ ಗುರಿ ಮಾಡಿಕೊಳ್ಳದ್ದು ಲೂಡೆನ್‌ಡಾರ್ಫ್‌ನ ಅತಿ ದೊಡ್ಡ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಬೇಸಿಗೆಯಲ್ಲಿ ಅಮೆರಿಕದ ಸೈನಿಕರು ದಿನಕ್ಕೆ ಹತ್ತು ಸಾವಿರದ ಲೆಕ್ಕದಲ್ಲಿ ಇಳಿಯತೊಡಗಿದರು. ಆಗಸ್ಟ್ 8ಕ್ಕೆ ಅಮಿಯಾಂನಿಂದಲೇ ಮರುದಾಳಿ ಶುರುವಾಯಿತು. ಈ ಸಲ ದಿನಗಟ್ಟಲೆ ಗುಂಡು ಹಾರಿಸಿ ಮುನ್ಸೂಚನೆ ಕೊಡಲಿಲ್ಲ. ಸಾಲು ಸಾಲು ಮೈಕ್ರೊಫೋನುಗಳಿಂದ ಶತ್ರು ಫಿರಂಗಿಯ ಸದ್ದು ಎಲ್ಲಿಂದ ಎಷ್ಟು ಕ್ಷಣದ ಅಂತರದಲ್ಲಿ ಬಂತೆಂದು ಅಳೆದು ಜಾಗ ಗುರುತಿಸುವ ವಿಧಾನ ಅಷ್ಟರಲ್ಲಿ ಪಕ್ವವಾಗಿತ್ತು. ಅದನ್ನು ಬೆಳೆಸಿದವನು ನೊಬೆಲ್ ಪಡೆದ ಭೌತವಿಜ್ಞಾನಿ ಲಾರೆನ್ಸ್ ಬ್ರ್ಯಾಗ್. ದಾಳಿಯ ಕ್ಷಣದಲ್ಲೇ ಜರ್ಮನ್ ಫಿರಂಗಿಗಳ ಮೇಲೆ ಗುಂಡು ಬಿತ್ತು. 500ಕ್ಕೂ ಹೆಚ್ಚು ಟ್ಯಾಂಕುಗಳು ಹೊರಟವು. ಒಂದೇ ದಿನ 13 ಕಿ.ಮೀ. ಸೆಪ್ಟೆಂಬರ್ 29ಕ್ಕೆ ಬಲ್ಗೇರಿಯಾ ಕೈಚೆಲ್ಲಿತು, ಅಂದೇ ಲೂಡೆನ್‌ಡಾರ್ಫ್ ಸರ್ಕಾರಕ್ಕೆ ಕದನವಿರಾಮ ಕೇಳಲು ಹೇಳಿದ. ಅಕ್ಟೋಬರ್ 30ಕ್ಕೆ ತುರ್ಕಿ, ನವೆಂಬರ್ 3ಕ್ಕೆ ಆಸ್ಟ್ರಿಯಾ ಮುಗಿದವು. ಕೀಲ್ ಬಂದರಿನ ನಾವಿಕರು ದಂಗೆ ಎದ್ದರು. ನವೆಂಬರ್ 9ಕ್ಕೆ ಕೈಸರ್ ಪಟ್ಟ ಹೋಯಿತು.

ಗಮನಿಸಬೇಕಾದದ್ದು: ವಿರಾಮ ಕೇಳಿದ್ದು ಸೇನಾಪತಿ, ಸಹಿ ಹಾಕಿದ್ದು ನಾಗರಿಕ ರಾಜಕಾರಣಿ ಮಥಿಯಾಸ್ ಎರ್ಟ್ಸ್‌ಬರ್ಗರ್. ‘ಸೈನ್ಯ ಸೋಲಲಿಲ್ಲ, ಒಳಗಿನವರು ಬೆನ್ನಿಗೆ ಚೂರಿ ಹಾಕಿದರು’ ಎಂಬ ಸುಳ್ಳು ಹುಟ್ಟಿದ್ದು ಇಲ್ಲಿಂದ. 1921ರಲ್ಲಿ ಎರ್ಟ್ಸ್‌ಬರ್ಗರ್‌ನನ್ನು ಬಲಪಂಥೀಯರು ಗುಂಡಿಟ್ಟು ಕೊಂದರು.

ಕದನವಿರಾಮದ ಷರತ್ತುಗಳೇನು?

ನವೆಂಬರ್ 11ರ ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷದ ಸುಮಾರಿಗೆ ಕಾಂಪಿಯೆನ್ ಕಾಡಿನಲ್ಲಿ ನಿಂತ ರೈಲು ಬೋಗಿಯಲ್ಲಿ ಸಹಿಯಾಯಿತು, ಹನ್ನೊಂದಕ್ಕೆ ಜಾರಿ. ನಡುವಿನ ಗಂಟೆಗಳಲ್ಲೂ ಗುಂಡು ನಿಲ್ಲಲಿಲ್ಲ; ಆ ಕೊನೆಯ ದಿನ ಸುಮಾರು 2,700 ಜನ ಸತ್ತರು. ಜರ್ಮನಿ ಹದಿನೈದು ದಿನದೊಳಗೆ ಹಿಡಿದ ನೆಲ ಬಿಡಬೇಕು. 5,000 ಫಿರಂಗಿ, 25,000 ಮೆಷಿನ್ ಗನ್, 1,700 ವಿಮಾನ ಒಪ್ಪಿಸಬೇಕು. ಜೊತೆಗೆ 5,000 ರೈಲು ಎಂಜಿನ್ ಮತ್ತು 1,50,000 ವ್ಯಾಗನ್. ಮತ್ತೆ ಯುದ್ಧ ಶುರುಮಾಡದ ಹಾಗೆ ಕಟ್ಟಿಹಾಕಲು ಏನನ್ನು ಕಿತ್ತುಕೊಳ್ಳಬೇಕೆಂದು ಗೆದ್ದವರಿಗೆ ಗೊತ್ತಿತ್ತು. ಸಮುದ್ರದ ದಿಗ್ಬಂಧನ ಮಾತ್ರ 1919ರ ಜುಲೈವರೆಗೂ ತೆರೆಯಲಿಲ್ಲ.

ಜ್ವರದಿಂದ ಯುದ್ಧಕ್ಕಿಂತ ಹೆಚ್ಚು ಜನ ಸತ್ತರು ಎನ್ನುವುದು ನಿಜವೇ?

ನಿಜ. ಯುದ್ಧದಲ್ಲಿ ಸತ್ತ ಸೈನಿಕರು 90 ಲಕ್ಷದಿಂದ ಒಂದು ಕೋಟಿ. 1918–19ರ ಇನ್‌ಫ್ಲುಯೆಂಜಾ ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಜೂನ್ 1918ರಲ್ಲಿ ಮುಂಬಯಿ ಬಂದರಿಗೆ ಬಂದ ರೋಗ ರೈಲು ಹಾದಿಗಳ ಉದ್ದಕ್ಕೂ ಹರಡಿತು. ಅದೇ ವರ್ಷ ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿದ್ದರಿಂದ ಬಡವರ ಮೈಯಲ್ಲಿ ತಡೆಯುವ ಶಕ್ತಿಯೂ ಇರಲಿಲ್ಲ.

ವರ್ಸೇಲ್ಸ್ ಒಪ್ಪಂದವೇ ಎರಡನೇ ಮಹಾಯುದ್ಧಕ್ಕೆ ಕಾರಣವೇ?

ಪೂರ್ತಿ ಹೌದು ಎನ್ನುವುದು ಅವಸರದ ಮಾತು. 1919ರ ಜೂನ್ 28ರ ಒಪ್ಪಂದ ಜರ್ಮನಿಯ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಿತು, ವಿಮಾನ ಜಲಾಂತರ್ಗಾಮಿ ನಿಷೇಧಿಸಿತು, ನೆಲದ ಶೇ. 13 ಭಾಗ ಕಿತ್ತುಕೊಂಡಿತು. 231ನೇ ವಿಧಿ ನಷ್ಟದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ಪರಿಹಾರದ ಮೊತ್ತ 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಎಂದು ನಿಗದಿಯಾದರೂ ಅದರ ಬಹುಪಾಲು ಎಂದೂ ವಸೂಲಾಗದ ಬಾಂಡುಗಳಲ್ಲಿ ಬರೆದದ್ದು. ನಿಜವಾಗಿ ಕೇಳಿದ್ದು 5,000 ಕೋಟಿ. ಅದೂ 1932ರಲ್ಲಿ ನಿಂತುಹೋಯಿತು. ಮಾರ್ಕ್‌ನ ಬೆಲೆ ಕುಸಿದು 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆದದ್ದಕ್ಕೆ ಪರಿಹಾರದಷ್ಟೇ ಕಾರಣ ಯುದ್ಧವನ್ನು ಸಾಲದಲ್ಲಿ ನಡೆಸಿದ್ದು, ಆಮೇಲೆ ಜರ್ಮನಿಯ ಕೈಗಾರಿಕಾ ನಾಡಾದ ರೂರ್ ಪ್ರದೇಶದ ಮುಷ್ಕರಕ್ಕೆ ನೋಟು ಅಚ್ಚುಮಾಡಿ ಸಂಬಳ ಕೊಟ್ಟದ್ದು. ಒಪ್ಪಂದದ ನಿಜವಾದ ದೋಷ ಬೇರೆ: ಸಿಟ್ಟು ಬರಿಸುವಷ್ಟು ಬಿಗಿ, ಕಟ್ಟಿಹಾಕುವಷ್ಟು ಬಿಗಿಯಲ್ಲ, ಜಾರಿ ಮಾಡಬೇಕಾದವರಲ್ಲಿ ಅಮೆರಿಕ ಸೆನೆಟ್ ಅದನ್ನು ಒಪ್ಪಲೇ ಇಲ್ಲ.

ಇನ್ನುಳಿದ ನಕ್ಷೆಯೂ ಬದಲಾಯಿತು. ಆಸ್ಟ್ರಿಯಾ-ಹಂಗೇರಿ ಚೂರಾಯಿತು, 1920ರ ತ್ರಿಯಾನೊಂ ಒಪ್ಪಂದದಲ್ಲಿ ಹಂಗೇರಿ ಮೂರನೇ ಎರಡು ಭಾಗ ನೆಲ ಕಳೆದುಕೊಂಡಿತು. ಅರಬ್ ನಾಡುಗಳನ್ನು ಬ್ರಿಟನ್ ಮತ್ತು ಫ್ರಾನ್ಸ್ ಹಂಚಿಕೊಂಡವು. ತುರ್ಕಿ ಮಾತ್ರ ಮುಸ್ತಫಾ ಕೆಮಾಲ್ ಮುಂದಾಳ್ತನದಲ್ಲಿ ಮತ್ತೆ ಕಾದಾಡಿ 1923ರಲ್ಲಿ ಹೊಸ ಒಪ್ಪಂದ ಮಾಡಿಸಿಕೊಂಡಿತು.

ಭಾರತಕ್ಕೆ ಏನು ಸಿಕ್ಕಿತು?

ವರ್ಸೇಲ್ಸ್‌ನಲ್ಲಿ ಭಾರತದ ಹೆಸರಿನಲ್ಲಿ ಸಹಿ ಹಾಕಿದವರು ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗು ಮತ್ತು ಬಿಕಾನೇರದ ಮಹಾರಾಜ ಗಂಗಾಸಿಂಗ್. ಸ್ವರಾಜ್ಯ ಇಲ್ಲದಿದ್ದರೂ ರಾಷ್ಟ್ರಸಂಘದ ಸ್ಥಾಪಕ ಸದಸ್ಯತ್ವ ಸಿಕ್ಕಿತು. ಊರಲ್ಲಿ ಸಿಕ್ಕಿದ್ದು 1919ರ ಮಾರ್ಚಿನ ರೌಲಟ್ ಕಾಯ್ದೆ, ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್.

ನಮ್ಮ ಊರಿನ, ಮನೆತನದ ಸೈನಿಕನ ಹೆಸರು ಹುಡುಕುವುದು ಹೇಗೆ?

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಯುದ್ಧದಲ್ಲಿ ಸತ್ತವರ ದಾಖಲೆ ಮಾತ್ರ ಅಲ್ಲಿ ಸಿಗುತ್ತದೆ, ಬದುಕಿ ಬಂದವರದ್ದಲ್ಲ. ಹೆಸರಿನಿಂದ ಶುರುಮಾಡಿದರೆ ಬಹಳ ಸಲ ಸಿಗುವುದಿಲ್ಲ, ಯಾಕೆಂದರೆ ಬ್ರಿಟಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ಒಂದೇ ಹೆಸರಿಗೆ ನಾಲ್ಕು ಕಾಗುಣಿತ ಇರಬಹುದು. ದಳದ ಹೆಸರಿನಿಂದ ಶುರುಮಾಡಿ: ಮೈಸೂರು ಲ್ಯಾನ್ಸರ್ಸ್, ಮದ್ರಾಸ್ ಸ್ಯಾಪರ್ಸ್, ಕರ್ನಾಟಿಕ್ ಪದಾತಿ, ಬೆಳಗಾವಿ ಕಡೆಯವರಾದರೆ ಮರಾಠಾ ದಳಗಳು. ಮನೆಯಲ್ಲಿ ಪದಕ ಉಳಿದಿದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸೇವಾ ಸಂಖ್ಯೆ, ಹುದ್ದೆ, ಹೆಸರು, ದಳ ಅಲ್ಲಿ ಕೊರೆದಿರುತ್ತದೆ. ಉಜ್ಜಿ ಹೊಳಪು ಕೊಡಬೇಡಿ, ಅಕ್ಷರ ಸವೆಯುತ್ತದೆ. ಆ ಸಂಖ್ಯೆ ಸಿಕ್ಕರೆ ಹುಡುಕಾಟ ಅರ್ಧ ಮುಗಿದಂತೆ. ದಾಖಲೆ ಸಿಕ್ಕಾಗ ತಂದೆಯ ಹೆಸರು, ಊರು, ತಾಲ್ಲೂಕು ಇವೆಯೇ ನೋಡಿ, ಎಲ್ಲರಿಗೂ ಇರುವುದಿಲ್ಲ. ದಹನವಾದವರಿಗೆ ಸಮಾಧಿ ಇಲ್ಲದ ಕಾರಣ ಹೆಸರು ಸ್ಮಾರಕದ ಗೋಡೆಯಲ್ಲಿರುತ್ತದೆ: ಫ್ರಾನ್ಸಿನಲ್ಲಿ ಸತ್ತವರದ್ದು ನವ್ ಶಾಪೆಲ್‌ನಲ್ಲಿ, ವಾಯವ್ಯ ಗಡಿಯವರದ್ದು ಹೆಚ್ಚಾಗಿ ದೆಹಲಿಯ ಇಂಡಿಯಾ ಗೇಟ್‌ನಲ್ಲಿ, ಇರಾಕಿನವರದ್ದು ಬಾಸ್ರಾದಲ್ಲಿ. ಬಾಸ್ರಾದ ಗೋಡೆಯಲ್ಲಿ ಭಾರತೀಯ ಸಾಮಾನ್ಯ ಸೈನಿಕರ ಹೆಸರುಗಳನ್ನು ಕೆತ್ತಲಿಲ್ಲ, ದಳದ ಹೆಸರಿನ ಕೆಳಗೆ ಸಂಖ್ಯೆ ಮಾತ್ರ ಹಾಕಿದರು; ಅವರನ್ನು ಆಯೋಗದ ದಾಖಲೆ ಪುಸ್ತಕಗಳಲ್ಲೇ ಹುಡುಕಬೇಕು.